ಜಗಲಿಯ ಮೇಲಿನ ಕ್ಯಾನುಗಳು

ಫ್ರಾಂಕ್‌ಫರ್ಟ್,
ಮೇ 4

ತೀರ್ಥರೂಪ ಅಪ್ಪಯ್ಯನವರಿಗೆ ಮಗಳ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಫೋನಿನಲ್ಲಿ ಹೇಳಿದರೆ ನೀವು ‘ಆಯಿತು, ಆಯಿತು’ ಎಂದು ಅಡಿಕೆ ಧಾರಣೆಗೆ ಮಾತು ತಿರುಗಿಸುತ್ತೀರಿ. ಅದಕ್ಕೇ ಈ ಕಾಗದ. ಮಧ್ಯಾಹ್ನ ಊಟವಾಗಿ ಎಲೆಯಡಿಕೆ ಹಾಕಿಕೊಂಡ ಮೇಲೆ ಓದಿ.

ಭಾನುವಾರ ವಿಡಿಯೊ ಕರೆಯಲ್ಲಿ ನಿಮ್ಮ ಬೆನ್ನ ಹಿಂದೆ, ಜಗಲಿಯ ತುದಿಯಲ್ಲಿ, ನಾಲ್ಕೈದು ನೀಲಿ ಕ್ಯಾನುಗಳು ಕಂಡವು. ಮೇಲೆ ಸುಡುಬಿಸಿಲು. ಅಬ್ಬಿ ನೀರು ದಾರದಷ್ಟು ಸಣ್ಣಗಾಗಿದೆ, ಬಾವಿಯ ತಳ ಕಾಣುತ್ತಿದೆ ಎಂದು ಅಮ್ಮ ಹೇಳಿದಳು. ಆಗುಂಬೆಯ ಮಳೆ ಬೀಳುವ ತಾಲ್ಲೂಕಿನಲ್ಲಿ, ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಜಂಬ ಕೊಚ್ಚಿಕೊಂಡವರ ಮನೆಗೆ ಆಟೋದಲ್ಲಿ ನೀರು ಬರುವ ಕಾಲ ಬಂತಲ್ಲ ಎಂದು ನಗು ಬಂತು. ಅತ್ತಿಗೆಗೆ ಈಗ ಏಳು ತಿಂಗಳು ಎಂಬುದು ನೆನಪಾದ ಮೇಲೆ ನಗು ನಿಂತಿತು.

ನಾನಿರುವ ಈ ಊರಿನ ಗೋಥೆ ವಿಶ್ವವಿದ್ಯಾಲಯದಲ್ಲೇ 2009ರಲ್ಲಿ ಮಾರ್ಟಿನ್ ವಾಗ್ನರ್ ಮತ್ತು ಯೋರ್ಗ್ ಓಲ್‌ಮನ್ ಎಂಬ ಇಬ್ಬರು ಅಂಗಡಿಯ ಮಿನರಲ್ ನೀರನ್ನು ಪರೀಕ್ಷಿಸಿದರು. 20 ಬಗೆಯ ನೀರಿನಲ್ಲಿ 12ರಲ್ಲಿ ಈಸ್ಟ್ರೋಜನ್‌ನಂತೆ, ಅಂದರೆ ಹೆಣ್ಣಿನ ಹಾರ್ಮೋನಿನಂತೆ, ವರ್ತಿಸುವ ಏನೋ ಒಂದು ಸಿಕ್ಕಿತು. ಆಮೇಲೆ ಅವರು ಮಾಡಿದ್ದು ಇನ್ನೂ ಸ್ವಾರಸ್ಯವಾಗಿದೆ. ಒಂದು ಜಾತಿಯ ಪುಟ್ಟ ಬಸವನಹುಳುಗಳನ್ನು ಕೆಲವು ಗಾಜಿನ ಬಾಟಲಿಗಳಲ್ಲಿ, ಕೆಲವು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಸಾಕಿದರು. ಪ್ಲಾಸ್ಟಿಕ್ಕಿನಲ್ಲಿದ್ದ ಹುಳುಗಳ ಹೊಟ್ಟೆಯಲ್ಲಿ ಹೆಚ್ಚು ಭ್ರೂಣಗಳು ಬೆಳೆದವು. ಬಾಟಲಿಯಿಂದ ಏನೋ ಇಳಿದು ಬಂದು ಅವುಗಳ ದೇಹಕ್ಕೆ ಸುಳ್ಳು ಸುದ್ದಿ ಹೇಳಿತ್ತು.

ಸುಳ್ಳು ಸುದ್ದಿ ಎಂದೆ. ನಮ್ಮ ಹಿತ್ತಿಲ ಕಾಡಿನ ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ದನಿಯಲ್ಲೇ ಕೂಗುತ್ತದಲ್ಲ, ಅದನ್ನು ಕೇಳಿ ಉಳಿದವು ಮೋಸ ಹೋಗುತ್ತವಲ್ಲ, ಹಾಗೆ. ಹಾರ್ಮೋನಿನ ದನಿ ಕಲಿತ ರಾಸಾಯನಿಕ ಕೂಗಿದರೆ ದೇಹದ ಕಣ ‘ಓ’ ಎನ್ನುತ್ತದೆ. ಹಾರ್ಮೋನು ಮೊದಲೇ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಕೆಲಸ ಮಾಡುವಂಥದ್ದು. ಆದ್ದರಿಂದ ‘ಇಷ್ಟೇ ಇಷ್ಟು ತಾನೆ’ ಎನ್ನುವ ಸಮಾಧಾನ ಇಲ್ಲಿ ಅಷ್ಟಾಗಿ ಒದಗುವುದಿಲ್ಲ. ಗರ್ಭದಲ್ಲಿರುವ ಕೂಸಿನ ಎಷ್ಟೋ ಅಂಗಾಂಗಗಳು ಬೆಳೆಯುವುದು ಹಾರ್ಮೋನುಗಳ ಕೂಗನ್ನು ಕೇಳಿಕೊಂಡು.

ನೀವು ವಕೀಲರ ಹಾಗೆ ಪಾಟೀಸವಾಲು ಹಾಕುತ್ತೀರಿ ಎಂದು ಗೊತ್ತು. ಬಸವನಹುಳು ಮನುಷ್ಯನಲ್ಲ, ನಿಜ. ಗಾಜಿನ ಬಾಟಲಿಯ 9 ಬಗೆಗಳಲ್ಲೂ 3ರಲ್ಲಿ ಅದೇ ಗುಣ ಕಂಡಿತ್ತು (ಪ್ಲಾಸ್ಟಿಕ್ಕಿನ 9ರಲ್ಲಿ 7), ಅದೂ ನಿಜ. ಬಾಟಲಿ ನೀರು ಕುಡಿದು ಇಂಥವರಿಗೆ ಇಂಥ ರೋಗ ಬಂತು ಎಂದು ಯಾರೂ ತೋರಿಸಿಲ್ಲ. ನಾನು ವಿಷ ಎನ್ನುತ್ತಿಲ್ಲ, ಅಪ್ಪಯ್ಯ. ಬಿಸಿಲಿನಲ್ಲಿಟ್ಟ ಕ್ಯಾನಿನ ಮಾತು ಬೇರೆ ಎನ್ನುತ್ತಿದ್ದೇನೆ.

ಕ್ಯಾನನ್ನು ಮಗುಚಿ ತಳ ನೋಡಿ. ತ್ರಿಕೋನದೊಳಗೆ 1 ಇದ್ದರೆ ಪೆಟ್, ಅಂದರೆ ಅಂಗಡಿಯ ನೀರಿನ ಬಾಟಲಿಯ ಮಾಮೂಲಿ ಪ್ಲಾಸ್ಟಿಕ್. 7 ಇದ್ದರೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಇರಬಹುದು. ಅದನ್ನು ತಯಾರಿಸುವುದು ಹಾರ್ಮೋನಿನ ದನಿ ಕಲಿತ ಬಿಸ್ಫೆನಾಲ್-ಎ ಎಂಬ ರಾಸಾಯನಿಕದಿಂದ. ಈ ಕ್ಯಾನು ಹತ್ತಾರು ಮನೆ ಸುತ್ತಿ, ಮತ್ತೆ ಮತ್ತೆ ತೊಳೆಸಿಕೊಂಡು, ಗೀರುಬಿದ್ದು ನಮ್ಮ ಜಗಲಿಗೆ ಬಂದಿರುತ್ತದೆ. ಹಳತಾದಷ್ಟೂ, ಕಾದಷ್ಟೂ ಅದು ಈ ರಾಸಾಯನಿಕವನ್ನು ನೀರಿಗೆ ಹೆಚ್ಚು ಬಿಡುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ, ರೋಗನಿರೋಧಕ ಕಣಗಳ ಮೇಲಾಗುವ ಪರಿಣಾಮವನ್ನು ನೋಡಿ, ದಿನಕ್ಕೆ ಇಷ್ಟು ದೇಹ ಸೇರಬಹುದು ಎಂಬ ಇದರ ಮಿತಿಯನ್ನು 20,000 ಪಟ್ಟು ಇಳಿಸಿತು. ಇಪ್ಪತ್ತಲ್ಲ, ಇಪ್ಪತ್ತು ಸಾವಿರ. ಮರುವರ್ಷದ ಕೊನೆಗೆ ಆಹಾರ ತಾಗುವ ಸಾಮಾನುಗಳಲ್ಲಿ ಇದರ ಬಳಕೆಗೆ ಇಲ್ಲಿ ನಿಷೇಧವೇ ಬಂತು. ನಮ್ಮಲ್ಲಿ ಮಕ್ಕಳ ಹಾಲಿನ ಬಾಟಲಿಗೆ ಅದು ಕೂಡದೆಂಬ ನಿಯಮವಿದೆ.

ಇನ್ನು ಅಮ್ಮನ ವಿಷಯ. ಬಸ್ಸಿನಲ್ಲಿ ಕೊಂಡ ಒಂದು ಲೀಟರಿನ ಬಾಟಲಿಯನ್ನು ಅವಳು ಜನ್ಮದಲ್ಲಿ ಎಸೆದವಳಲ್ಲ. ಒಂದರಲ್ಲಿ ಜೇನುತುಪ್ಪ, ಇನ್ನೊಂದರಲ್ಲಿ ಮಜ್ಜಿಗೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಶಿವಮೊಗ್ಗದ ಆಸ್ಪತ್ರೆಗೆ ಹೊರಟಾಗಲೆಲ್ಲ ಅತ್ತಿಗೆಗೆಂದು ಕುದಿಯುವ ಜೀರಿಗೆ ನೀರನ್ನು ಆ ಬಾಟಲಿಗೇ ಸುರಿದು ಕೊಡುತ್ತಾಳೆ. ಬಾಟಲಿ ಮುದುಡಿ ಸೊಂಟ ಮುರಿದವರ ಹಾಗೆ ನಿಲ್ಲುತ್ತದೆ. ಪೆಟ್ ತಯಾರಿಕೆಯಲ್ಲಿ ಆಂಟಿಮನಿ ಎಂಬ ಅರೆಲೋಹವನ್ನು ಬಳಸುತ್ತಾರೆ, ಶಾಖ ಏರಿದ ಹಾಗೆ ಅದು ನೀರಿಗೆ ಇಳಿಯುತ್ತದೆ. ಅಟ್ಟದ ಮೇಲೆ ಆರು ಸ್ಟೀಲಿನ ಫ್ಲಾಸ್ಕುಗಳು ಮದುವೆಯ ಉಡುಗೊರೆಯ ಕಾಗದದೊಳಗೇ ಮಲಗಿವೆ. ಯಾರಿಗಾಗಿ ಕಾಯುತ್ತಿವೆಯೋ!

ಕ್ಯಾನು ಇವತ್ತೇ ನಿಲ್ಲಿಸಿ ಎಂದರೆ ತಪ್ಪಾದೀತು. ತಳದ ಬಗ್ಗಡ ಮೊಗೆದು ಕುಡಿದು ಅತ್ತಿಗೆಗೆ ಭೇದಿ ಹತ್ತಿದರೆ ಅದು ಇದಕ್ಕಿಂತ ದೊಡ್ಡ ಅಪಾಯ. ಮಳೆ ಹಿಡಿದು ಬಾವಿ ತಿಳಿಯಾಗುವ ತನಕ ತರಿಸಿ. ಬಂದ ಕೂಡಲೇ ಒಳಗೆ, ಭತ್ತದ ಕಣಜದ ಪಕ್ಕದ ತಣ್ಣಗಿನ ಮೂಲೆಗೆ ಸೇರಿಸಿ, ಕುಡಿಯುವ ನೀರನ್ನು ಸ್ಟೀಲಿನ ಕೊಡಕ್ಕೆ ಬಗ್ಗಿಸಿಡಿ. ಆಮೇಲೆ ಬಾವಿ ನೀರನ್ನೇ ಸೋಸಿ ಕುದಿಸಿ. ಕುದಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ರಾಸಾಯನಿಕ ಹೋಗುವುದಿಲ್ಲ, ಹಾಗಾಗಿ ಕ್ಯಾನಿನ ನೀರನ್ನು ಕುದಿಸಿದೆವಲ್ಲ ಎಂದು ನಿಶ್ಚಿಂತರಾಗಬೇಡಿ.

ಸೀಮಂತಕ್ಕೆ ಅಣ್ಣ 200 ಮಿಲಿಲೀಟರಿನ ಬಾಟಲಿಗಳಿಗೆ ಹೇಳಿದ್ದಾನಂತೆ. ಅಂಗಡಿಯ ಮುಂದೆ ಬಿಸಿಲಿಗೆ ಒಟ್ಟಿಟ್ಟ ಪೆಟ್ಟಿಗೆಗಳೇ ಬರುವುದು ಖಾತ್ರಿ. ಬೇಡವೆನ್ನಿ. ಊರಮನೆಯವರ ಹಿತ್ತಾಳೆ ಕೊಳಗ ಎರವಲು ತಂದು, ಕಾದಾರಿದ ನೀರಿಗೆ ಲಾವಂಚದ ಬೇರು ಹಾಕಿಸಿ, ಸ್ಟೀಲಿನ ಲೋಟದಲ್ಲಿ ಹಂಚಿಸಿ. ಲೋಟ ತೊಳೆಯುವವರಿಲ್ಲ ಎಂದು ಅಣ್ಣ ಗೊಣಗುತ್ತಾನೆ, ಅವನೇ ತೊಳೆಯಲಿ.

ಕ್ಯಾನಿನ ತಳದ ಅಂಕಿ ಯಾವುದೆಂದು ಮರೆಯದೆ ತಿಳಿಸಿ. ಮಾವ ಜುಲೈಯಲ್ಲಿ ಈ ಕಡೆ ಬರುತ್ತಾರಂತೆ, ಅವರ ಕೈಯಲ್ಲಿ ಒಂದು ಕಟ್ಟು ಲಾವಂಚ ಕಳಿಸಿ. ಉಪ್ಪಿನಕಾಯಿ ಗಾಜಿನ ಭರಣಿಯಲ್ಲೇ ಇರಲಿ, ಭಾರವಾದರೂ ಚಿಂತೆಯಿಲ್ಲ.

ಇತಿ ನಿಮ್ಮ ಮಗಳು