ಕೆಂಪು ಬಟ್ಟೆ

ಹೋದ ತಿಂಗಳು ಪಕ್ಕದ ಮನೆಯ ಪೋಲಿಷ್ ಕುಟುಂಬ ನಮ್ಮನ್ನು ಊಟಕ್ಕೆ ಕರೆದು ‘ಪೊತೊಪ್’ ಸಿನಿಮಾ ತೋರಿಸಿತು. ಪೊತೊಪ್ ಅಂದರೆ ಪ್ರಳಯ. 1974ರ ಚಿತ್ರ, ಐದು ಗಂಟೆಗೂ ಹೆಚ್ಚು. ಮಳೆಯಲ್ಲಿ, ಕೆಸರಿನಲ್ಲಿ ನಡೆಯುವ ಕತ್ತಿಕಾಳಗದ ದೃಶ್ಯ ಬಂತು. ಸೋಲುತ್ತಿರುವ ನಾಯಕ ಕ್ಮಿಚಿತ್ಸ್, “ಮುಗಿಸಿಬಿಡಿ ಸ್ವಾಮಿ, ಮಾನ ಉಳಿಸಿ” ಎನ್ನುತ್ತಾನೆ. ಆ ಮನೆಯ ಅಜ್ಜ ಪರದೆಗಿಂತ ಒಂದು ಕ್ಷಣ ಮೊದಲೇ ಆ ಮಾತು ಹೇಳಿದರು. ಹಿಂದೆಯೇ ಮೊಮ್ಮಗಳೂ ಹೇಳಿದಳು. ನನಗೆ ಮೈ ಜುಮ್ಮೆಂದಿತು.

ಈ ಚಿತ್ರಕ್ಕೆ ಮೂಲವಾದ, ಪೋಲಿಷ್ ಲೇಖಕ ಹೆನ್ರಿಕ್ ಶೆಂಕ್ಯೇವಿಚ್‌ರ ಕಾದಂಬರಿ 1886ರಲ್ಲಿ ಪುಸ್ತಕವಾಗಿ ಬಂದಾಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಅದನ್ನು ಹಂಚಿಕೊಂಡು ತೊಂಬತ್ತು ವರ್ಷ ದಾಟಿತ್ತು. ಕುಗ್ಗಿದ ಎದೆಗಳಿಗೆ ಬಲ ತುಂಬಲು ಬರೆದೆ ಎಂದರು ಲೇಖಕರು. ಅಂಥ ಹೊತ್ತಿನಲ್ಲಿ ಯಾರೇ ಆದರೂ ಗೆದ್ದ ಯುದ್ಧವನ್ನು, ಕಳಂಕವಿಲ್ಲದ ವೀರನನ್ನು ಆರಿಸಿಕೊಂಡಾರು. ಇವರು ಆರಿಸಿಕೊಂಡದ್ದು 1655ನ್ನು. ಸ್ವೀಡನ್ನಿನ ಸೇನೆ ನುಗ್ಗಿದಾಗ ದೇಶದ ದೊಡ್ಡ ದೊಡ್ಡ ಸರದಾರರೇ ಶರಣಾದ ವರ್ಷ ಅದು. ನಾಯಕನೂ ಅಷ್ಟೇ: ಹಳ್ಳಿಗೆ ಬೆಂಕಿ ಇಟ್ಟವನು, ಶಿಲುಬೆ ಮುಟ್ಟಿ ಆಣೆ ಮಾಡಿ ದ್ರೋಹಿಯ ಕೈಕೆಳಗೆ ನಿಂತವನು.

ಅವನ ಕಣ್ಣು ತೆರೆಸುವುದು ಒಂದು ಮಾತು. ಸ್ವೀಡನ್ನಿನ ಪಕ್ಷ ಸೇರಿದ ಸರದಾರರಲ್ಲೊಬ್ಬನಾದ ರಾಜಕುಮಾರ ಬೊಗುಸ್ವಾವ್ ರಾಡ್ಜಿವಿಲ್ ನಿರಾಳವಾಗಿ ಹೇಳುತ್ತಾನೆ: ಈ ದೇಶ ಒಂದು ಕೆಂಪು ಬಟ್ಟೆ. ಸುತ್ತಲಿನವರೆಲ್ಲ ಹಿಡಿದು ಎಳೆಯುತ್ತಿದ್ದಾರೆ. ನಮ್ಮ ಕೈಯಲ್ಲೂ ಒಂದು ನಿಲುವಂಗಿಗಾಗುವಷ್ಟು ಉಳಿಯಲಿ. ಹೊರಗಿನವನು ಆಡಿದ ಮಾತಲ್ಲ ಇದು, ಮನೆಯವನದೇ. ಕ್ಮಿಚಿತ್ಸ್ ಆಮೇಲೆ ಹೆಸರು ಬದಲಿಸಿಕೊಂಡು ಚೆಂಸ್ತೊಹೋವಾದ ಯಾಸ್ನಾ ಗೂರಾ ಮಠವನ್ನು ಕಾಯಲು ಹೋಗುತ್ತಾನೆ. ಸ್ವೀಡನ್ನಿನವರ ದೊಡ್ಡ ಫಿರಂಗಿಯನ್ನು ಸಿಡಿಸುತ್ತಾನೆ. ಮಾಡಿದ ತಪ್ಪಿನ ಸಾಲವನ್ನು ಮೈಮೇಲಿನ ಸುಟ್ಟ ಗಾಯದಲ್ಲಿ ತೀರಿಸುತ್ತಾನೆ.

ಆ ಪಾತ್ರಕ್ಕೆ ದಾನಿಯೆಲ್ ಓಲ್ಬ್ರಿಖ್ಸ್ಕಿಯನ್ನು ಆರಿಸಿದಾಗ ಪೋಲೆಂಡಿನ ಜನ ಪ್ರತಿಭಟಿಸಿದ್ದರಂತೆ. ನಿರ್ದೇಶಕ ಯೆಜಿ ಹೋಫ್ಮನ್‌ರ ಹಿಂದಿನ ಚಿತ್ರದಲ್ಲಿ ಅವರು ಖಳನಾಗಿದ್ದರು. ಸಿನಿಮಾ ನೋಡಿದ ಮೇಲೆ ನನಗನಿಸಿತು, ಈ ಪಾತ್ರಕ್ಕೆ ಅಂಥವರೇ ಬೇಕಿತ್ತು. ಆ ಮುಖವನ್ನು ಮೊದಲ ನೋಟಕ್ಕೇ ನಂಬಲು ಆಗುವುದಿಲ್ಲ. ನಿಧಾನವಾಗಿ ನಂಬಬೇಕಾಗುತ್ತದೆ.

ನಮ್ಮ ಕನ್ನಡ ಕೂಟದ ಮಕ್ಕಳು ಪ್ರತಿ ರಾಜ್ಯೋತ್ಸವಕ್ಕೂ ಐತಿಹಾಸಿಕ ನಾಟಕ ಆಡುತ್ತಾರೆ. ರಾಜ, ರಾಣಿ, ಸೇನಾಪತಿಯ ಪಾತ್ರಗಳಿಗೆ ಪೈಪೋಟಿ. ಕೋಟೆಯ ಬಾಗಿಲು ತೆರೆದುಕೊಟ್ಟವನ ಪಾತ್ರ ಯಾರಿಗೂ ಬೇಡ. ಅವನು ಒಂದು ಸಾಲು ಹೇಳಿ ಮರೆಯಾಗುತ್ತಾನೆ. ಏಕೆ ತೆರೆದ, ಆಮೇಲೆ ಅವನ ಮನೆಯಲ್ಲಿ ಏನಾಯಿತು ಎಂದು ನಾವು ಮಕ್ಕಳಿಗೆ ಹೇಳಿಯೇ ಇಲ್ಲ. ಹೇಳಿದರೆ ಅವರ ಅಭಿಮಾನ ಕುಗ್ಗೀತು ಎಂಬ ಭಯ ನನಗೂ ಇತ್ತು. ಪಕ್ಕದ ಮನೆಯ ಆ ಹುಡುಗಿಯನ್ನು ಕಂಡ ಮೇಲೆ ಹೋಯಿತು.

ಸೆಪ್ಟೆಂಬರಿನಲ್ಲಿ ತಾಲೀಮು ಶುರು. ಈ ಸಲ ನಾಟಕ ಬರೆಯುವವರು ಬಾಗಿಲು ತೆರೆದವನಿಗೂ ಒಂದು ಪೂರ್ತಿ ದೃಶ್ಯ ಕೊಡಿ.