ಕಾರಣ ಬೇರೆ, ಭಕ್ತಿ ಬೇರೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

‘ಕಾರಣವಿಲ್ಲದೆ ಜಗತ್ತು ಹೇಗಾದೀತು?’ ಎಂದ ಅಪ್ಪನಿಗೆ ‘ದೇವರಿಗೆ ಕಾರಣ ಯಾರು?’ ಎಂದು ಕೇಳಿ ಬಾಯಿ ಮುಚ್ಚಿಸಿದೆನೆಂದು ಬರೆದಿದ್ದೀಯೆ. ಆ ಪ್ರಶ್ನೆ ಹಳೆಯದು, ಅದರ ಉತ್ತರವೂ ಹಳೆಯದೇ: ಹುಟ್ಟಿದ್ದಕ್ಕೆ ಮಾತ್ರ ಕಾರಣ ಬೇಕು, ಅನಾದಿಗೆ ಬೇಡ. ಪಾಪ, ನಿನ್ನ ಅಪ್ಪನಿಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ನೈಯಾಯಿಕರ, ಅಂದರೆ ನ್ಯಾಯದರ್ಶನದ ತಾರ್ಕಿಕರ ಪಟ್ಟು ಇದೇ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೆ ಈಶ್ವರ. ಹತ್ತನೆಯ ಶತಮಾನದ ಉದಯನಾಚಾರ್ಯರು ಈಶ್ವರನ ಸಾಧನೆಗೆಂದೇ ಒಂದು ಗ್ರಂಥ ಬರೆದರು. ಆದರೆ ಕುಂಬಾರ ಮಡಕೆ ಮಾಡುವುದನ್ನು ನಾವು ಕಂಡಿದ್ದೇವೆ. ಜಗತ್ತು ಆಗುವುದನ್ನು ಕಂಡವರಾರು? ಅದು ಹುಟ್ಟಿದ್ದೇ ಎಂಬುದನ್ನು ಮೊದಲು ಸಾಧಿಸಬೇಕಲ್ಲ! ವೇದವೇ ಪ್ರಮಾಣವೆಂದ ಕುಮಾರಿಲ ಭಟ್ಟರೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಜೈನ ಮುನಿ ಜಿನಸೇನಾಚಾರ್ಯರು ಜಗತ್ತು ಕಾಲದಂತೆಯೇ ಆದಿ ಅಂತ್ಯಗಳಿಲ್ಲದ್ದು ಎಂದರು. ಹಾಗೆಂದು ಜೈನರ ಬಸದಿಗಳಲ್ಲಿ ಪೂಜೆ ನಿಂತಿತೆ? ಇಲ್ಲ. ನೀನು ಗಮನಿಸಬೇಕಾದದ್ದು ಇಲ್ಲಿದೆ. ಸೃಷ್ಟಿಕರ್ತನಿಲ್ಲದೆಯೂ ಭಕ್ತಿ ನಡೆಯುತ್ತದೆ. ತಿರುಗಿಸಿ ನೋಡಿದರೂ ಅಷ್ಟೇ: ತರ್ಕದಿಂದ ಒಂದು ಮೂಲಕಾರಣ ಸಿಕ್ಕಿತೆಂದಿಟ್ಟುಕೊ, ಅದಕ್ಕೆ ಕರುಣೆಯಿದೆ, ಕರೆದರೆ ಕೇಳಿಸುತ್ತದೆ ಎಂಬುದು ಆ ತರ್ಕದಿಂದ ಬರುವುದಿಲ್ಲ.

ಮಹಾಸ್ಫೋಟದ ಮಾತೆತ್ತಿದ್ದೀಯೆ. ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ಅತಿ ಸಾಂದ್ರವಾಗಿ, ಅತಿ ಬಿಸಿಯಾಗಿ ಇತ್ತು, ಅಲ್ಲಿಂದ ಹಿಗ್ಗುತ್ತ ಬಂದಿದೆ ಎಂಬುದಷ್ಟು ಗಟ್ಟಿ. ಏನೂ ಇಲ್ಲದ್ದರಿಂದ ಬಂತು ಎಂದು ಆ ಸಿದ್ಧಾಂತ ಹೇಳುವುದಿಲ್ಲ. ಅದಕ್ಕೆ ಬುನಾದಿ ಹಾಕಿದವರಲ್ಲೊಬ್ಬರಾದ ಲೆಮೆತ್ರ್ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ವಿಜ್ಞಾನ ಸೃಷ್ಟಿಗೆ ಸಾಕ್ಷಿ ಎಂಬರ್ಥದಲ್ಲಿ ಮಾತನಾಡಿದಾಗ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಹೊರಗಿದೆ ಎಂಬುದು ಅವರ ನಿಲುವು. ಪಾದ್ರಿಯಾಗಿದ್ದೂ ಅದಕ್ಕೆ ಅಂಟಿಕೊಂಡರಲ್ಲ, ಆ ಗಟ್ಟಿತನ ನನಗೆ ಬಹಳ ಇಷ್ಟ.

ನಾನು ದಿನವೂ ಕೈಮುಗಿಯುವವನು. ಜಗತ್ತಿಗೆ ಕಾರಣ ಬೇಕೆಂದು ಮುಗಿಯುತ್ತಿಲ್ಲ. ಬಹುಶಃ ನಿನ್ನ ಅಪ್ಪನೂ ಹಾಗೆಯೇ. ವಾದಕ್ಕೆ ಎಳೆದಾಗ ಕೈಗೆ ಸಿಕ್ಕಿದ ತರ್ಕವನ್ನು ಮುಂದೊಡ್ಡಿದ್ದಾರೆ. ಅದನ್ನು ಮುರಿದರೆ ಅವರ ನಂಬಿಕೆ ಮುರಿಯಿತೆಂದು ನೀನು ಬೀಗುವುದು ತರ್ಕದ ದೃಷ್ಟಿಯಿಂದಲೂ ತಪ್ಪು. ಓದು, ಪ್ರಶ್ನಿಸು, ನಂಬದಿದ್ದರೆ ನಂಬಬೇಡ, ನನ್ನ ಅಡ್ಡಿಯಿಲ್ಲ. ಆದರೆ ಮುಂದಿನ ಸಲ ಕುಳಿತು ಮಾತನಾಡುವಾಗ, ಈ ನಂಬಿಕೆ ಅವರಿಗೆ ಯಾವಾಗ ಆಸರೆಯಾಯಿತು ಎಂದು ಕೇಳು. ಏನು ಹೇಳಿದರೆಂದು ನನಗೂ ಬರೆ. ಭಾವ ನನ್ನೆದುರು ಆ ಮಾತು ಆಡಿದವರೇ ಅಲ್ಲ.

ಇಂತಿ,
ನಿನ್ನ ಸೋದರಮಾವ