ಗೋಡೆ ನೋಡುವ ಮೊದಲು ಪಾಯ ನೋಡಿ: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ,

ನಮಸ್ಕಾರಗಳು. ನಾನು ಮಲಪ್ರಭೆಯ ದಂಡೆಯ ರೈತ. 2009ರ ಅಕ್ಟೋಬರ್‌ನಲ್ಲಿ ಒಮ್ಮೆ, 2019ರ ಆಗಸ್ಟ್‌ನಲ್ಲಿ ಇನ್ನೊಮ್ಮೆ ಹೊಳೆ ನಮ್ಮ ಮನೆ ಹೊಕ್ಕು ಹೋಗಿದೆ. ಎರಡನೇ ಸಲ ಕಂಡದ್ದನ್ನು ನಿಮ್ಮ ಮುಂದೆ ಇಡಬೇಕು.

ನೀರು ಇಳಿದ ಮೇಲೆ ಊರಿಗೆ ಮರಳಿದಾಗ ನಮ್ಮ ಮನೆಯ ಗೋಡೆ ನಾಲ್ಕೂ ನಿಂತಿದ್ದವು. ಅವ್ವ ಕೈಮುಗಿದು, ಅಡುಗೆ ಮನೆಯ ಕೆಸರು ಬಳಿಯಲು ಕುಳಿತಳು. ನಾನು ಹೊಳೆಯ ಕಡೆಯ ಮೂಲೆಗೆ ಹೋಗಿ ಬಗ್ಗಿ ನೋಡಿದೆ. ಮೂಲೆಗಲ್ಲಿನ ಕೆಳಗೆ ಮಣ್ಣೇ ಇರಲಿಲ್ಲ. ಕೈ ಹಾಕಿದರೆ ಮೊಣಕೈವರೆಗೆ ಒಳಗೆ ಹೋಯಿತು, ಬೆರಳಿಗೆ ತಣ್ಣನೆಯ ನೀರು ತಾಗಿತು.

ಸಮೀಕ್ಷೆಗೆ ಬಂದವರು ಅಂಗಳದಲ್ಲೇ ನಿಂತು ಫೋಟೊ ತೆಗೆದರು. ‘ಗೋಡೆ ಗಟ್ಟಿ ಇದೆಯಲ್ಲ ಯಜಮಾನರೇ’ ಎಂದರು. ಮೂಲೆ ತೋರಿಸಲು ಕರೆದೆ. ಇನ್ನೂ ಹತ್ತಾರು ಮನೆ ನೋಡಬೇಕೆಂದು ಹೊರಟರು. ನಮಗೆ ‘ಸಿ’ ವರ್ಗ, ಅಂದರೆ ಅಲ್ಪ ಹಾನಿಯಾದ ಮನೆ ಎಂಬ ವರ್ಗ, ಬಂತು. ಸೀಗಿ ಹುಣ್ಣಿಮೆಯ ಹೊತ್ತಿಗೆ ಆ ಮೂಲೆ ಕುಳಿತು, ಎರಡು ಗೋಡೆ ಒಟ್ಟಿಗೆ ಬಿದ್ದವು. ಅವ್ವ ಆಗ ಹಿತ್ತಲಿನಲ್ಲಿದ್ದಳು, ಉಳಿದಳು.

ನೆರೆ ನೀರು ಮನೆಯನ್ನು ಬರೀ ದೂಡುವುದಿಲ್ಲ. ದೂಡುವ ಬಲವೇ ಸಾಕಷ್ಟಿದೆ, ನಿಜ: ಹೊರಗೆ ಒಂದು ಮೀಟರ್ ನೀರು ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 500 ಕಿಲೋ ಭಾರ ಬೀಳುತ್ತದೆ, ಎರಡು ಮೀಟರ್ ನಿಂತರೆ 2,000 ಕಿಲೋ. ಹರಿವಿನ ವೇಗ ಎರಡು ಪಟ್ಟಾದರೆ ಅದರ ಹೊಡೆತ ನಾಲ್ಕು ಪಟ್ಟು. ಆದರೆ ಮನೆಯನ್ನು ಕೀಳುವ ಕೆಲಸ ಬಹಳ ಸಲ ಕೆಳಗಿನಿಂದಲೇ ಶುರುವಾಗುತ್ತದೆ. ಅಡ್ಡ ಬಂದ ಮನೆಯ ಮೂಲೆಯಲ್ಲಿ ಪ್ರವಾಹ ಸುಳಿ ತಿರುಗಿ ಮಣ್ಣು ಕೊರೆಯುತ್ತದೆ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಪಾಯ ನೆನೆದು ಸಡಿಲವಾಗುತ್ತದೆ. ಕೆಳಗಿನ ನೆಲ ಹೋದ ಮೇಲೆ ಗೋಡೆ ಎಷ್ಟು ಗಟ್ಟಿಯಾಗಿದ್ದರೇನು?

ಅದರ ಮೇಲೆ ನಮ್ಮದು ಎರೆ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಗೋಡೆಯ ಬಿರುಕು ನೆರೆಯ ದಿನ ಕಾಣದೆ ತಿಂಗಳು, ಎರಡು ತಿಂಗಳ ನಂತರ ಕಾಣುವುದು ಇದಕ್ಕೇ. ಅಷ್ಟರಲ್ಲಿ ಪಟ್ಟಿ ಸಿದ್ಧವಾಗಿ ಮೇಲೆ ಹೋಗಿರುತ್ತದೆ.

2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅದನ್ನು ನಾವು ಮರೆತಿಲ್ಲ. ಆದರೆ ಬೀಳಲು ಕಾದು ನಿಂತ ಮನೆಗೆ ರಿಪೇರಿ ದುಡ್ಡು ಕೊಟ್ಟರೆ, ಆ ದುಡ್ಡಿನಲ್ಲಿ ಜನ ಗಿಲಾವು ಮಾಡಿಸಿ, ಸುಣ್ಣ ಹಚ್ಚಿ, ಮಕ್ಕಳನ್ನು ಅದೇ ಗೋಡೆಯ ಪಕ್ಕ ಮಲಗಿಸುತ್ತಾರೆ. ನನಗೆ ನಿದ್ದೆ ಕೆಡಿಸುವುದು ಇದು.

ಆದ್ದರಿಂದ ನೆರೆ ಸಮೀಕ್ಷೆಯ ನಿಯಮದಲ್ಲೇ ಪಾಯದ ಪರೀಕ್ಷೆಯನ್ನು ಸೇರಿಸಿ. ತಂಡದಲ್ಲಿ ಒಬ್ಬ ಎಂಜಿನಿಯರ್ ಇರಲಿ, ಹೊಳೆಯ ಕಡೆಯ ಎರಡು ಮೂಲೆಗಳನ್ನಾದರೂ ಅಗೆದು ನೋಡಲಿ, ಆ ಗುಂಡಿಯ ಫೋಟೊವನ್ನೂ ಕಡತಕ್ಕೆ ಹಾಕಲಿ. ನೆಲ ಒಣಗಿದ ಮೇಲೆ ಇನ್ನೊಂದು ಸುತ್ತು ಬಂದು, ಬೇಕಾದ ಕಡೆ ವರ್ಗ ಬದಲಿಸಲು ಅವರಿಗೆ ಅಧಿಕಾರ ಕೊಡಿ. ಅಲ್ಲಿಯವರೆಗೆ ಅಂಥ ಮನೆಯವರಿಗೆ ಬಾಡಿಗೆ ಹಣ ಕೊಡಿ.

ಮುಂದಿನ ಮಳೆಗಾಲಕ್ಕೆ ಮೊದಲು ಈ ಆದೇಶ ಹೊರಬೀಳಲಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಲಪ್ರಭಾ ದಂಡೆಯ ಒಬ್ಬ ರೈತ